ವಿಭೂತಿ ಧರಿಸಿದ ಮುಖ

೧೧ ನವೆಂಬರ್ ೨೦೨೪, ಸೋಮವಾರ, ಶಿಕಾರಿಪುರ

ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿರುವ ನಾಗಶ್ರೀ ಬೆಳಗ್ಗೆ ನೀರಿಗೆ ಬಂದವಳು ಕೊಡವನ್ನು ನಲ್ಲಿಯ ಕೆಳಗಿಟ್ಟು ಅಲ್ಲಿಯೇ ಕುಳಿತು ಅತ್ತಳು. ಕೊಡ ತುಂಬಿ ಹರಿದರೂ ಏಳಲಿಲ್ಲ. ನಾನೇ ಹೋಗಿ ನಲ್ಲಿಯನ್ನು ನಿಲ್ಲಿಸಿದೆ. ಅತ್ತು ಮುಗಿಸಿ ಆಮೇಲೆ ಮಾತನಾಡು ಎಂದೆ. ಅಳುವಿನ ನಡುವೆ ಆಡಿದ ಮಾತಿಗೆ ತಲೆಯೂ ಇರುವುದಿಲ್ಲ, ಬುಡವೂ ಇರುವುದಿಲ್ಲ.

ವಿಷಯ ಇಷ್ಟು. ಅವಳು ಕಂಪ್ಯೂಟರಿನಲ್ಲಿ ಮನೆಯಿಂದಲೇ ದುಡಿಯುವವಳು. ಕಂಪನಿಗಳು ತಮಗೆ ಆಗಬೇಕಾದ ಕೆಲಸವನ್ನು ಒಂದು ಜಾಲತಾಣದಲ್ಲಿ ಪ್ರಕಟಿಸುತ್ತವೆ. ಎಲ್ಲೆಲ್ಲಿಯೋ ಕುಳಿತವರು ಅದನ್ನು ಹಿಡಿದು ಮಾಡಿಕೊಡುತ್ತಾರೆ. ಯಾರೂ ಯಾರ ನೌಕರರೂ ಅಲ್ಲ. ಇವಳು ಇಂಗ್ಲಿಷನ್ನು ಕನ್ನಡಕ್ಕೆ ತರುವವಳು. ದೀಪಾವಳಿಗೆ ಸೊರಬದ ಕಡೆಯ ಉಳವಿಗೆ, ತನ್ನ ಊರಿಗೆ ಹೋಗಿದ್ದಾಗ ಅತ್ತಿಗೆ ಕರುಣಾಳಿಗೂ ಅದೇ ಕಂಪ್ಯೂಟರಿನಲ್ಲಿ ಒಂದು ಖಾತೆಯನ್ನು ತೆರೆದುಕೊಟ್ಟಳಂತೆ. ಒಂದು ಒಲೆಯಲ್ಲಿ ಇಬ್ಬರು ಅಡುಗೆ ಮಾಡುವ ಹಾಗೆ ಇಬ್ಬರೂ ಸರದಿಯ ಮೇಲೆ ಕೆಲಸ ಮಾಡಿದ್ದಾರೆ. ಒಬ್ಬಳೇ ಎರಡು ಹೆಸರಿನಲ್ಲಿ ಮೋಸ ಮಾಡುತ್ತಿದ್ದಾಳೆಂದು ಆ ಜಾಲತಾಣದ ಯಂತ್ರ ತೀರ್ಮಾನಿಸಿ ಎರಡೂ ಖಾತೆಗಳನ್ನು ಶಾಶ್ವತವಾಗಿ ಮುಚ್ಚಿದೆ.

“ಯಾರಿಗ್ ಹೇಳೋದು ಅಕ್ಕೋರೇ? ಒಂದು ಫೋನ್ ನಂಬರ್ ಇಲ್ಲ. ಬರೆದ್ರೆ ಮಿಷಿನ್ನೇ ಉತ್ರ ಕೊಡ್ತದೆ. ನನ್ ಮುಖಕ್ಕೆ ಇನ್ನು ಅಲ್ಲಿ ಕೆಲ್ಸ ಇಲ್ಲ ಅಂತ.”

ಉಳವಿಯಲ್ಲಿ ಅವಳ ತಾಯಿ ಯಮುನಮ್ಮ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾರೆ. ಅಣ್ಣ ಮಾಲತೇಶ್ ಮತ್ತು ಕರುಣಾ ನೋಡಿಕೊಳ್ಳುತ್ತಾರೆ. ಔಷಧ ಮತ್ತು ಶಿವಮೊಗ್ಗದ ಡಾಕ್ಟರರ ಖರ್ಚು ಈ ಹುಡುಗಿಯದು.

‘ಶಾಶ್ವತ’ ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸುವವರ ಬಗ್ಗೆ ನನಗೆ ಗೌರವವಿಲ್ಲ.

೧೫ ನವೆಂಬರ್

ನಾಗಶ್ರೀ ಮಾಡಿದ್ದ ಕೆಲಸದ ಕೆಲವು ಹಾಳೆಗಳನ್ನು ಓದಿದೆ. ರೋಗಿಗಳ ಮನೆಯವರಿಗೆ ಕೊಡುವ ತಿಳಿವಳಿಕೆ ಪತ್ರಗಳು. ಇಂಗ್ಲಿಷಿನ ಅರ್ಥ ಅವಳಿಗೆ ಥಟ್ಟನೆ ಹೊಳೆಯುತ್ತದೆ; ಕನ್ನಡ ಮಾತ್ರ ಅವಸರದ ಕನ್ನಡ. ‘ಮಾತ್ರೆಯ ಸೇವನೆಯನ್ನು ಮಾಡತಕ್ಕದ್ದು’ ಎಂದು ಬರೆದಿದ್ದಾಳೆ. ‘ಮಾತ್ರೆ ನುಂಗಿಸಿ’ ಎಂದು ತಿದ್ದಿದೆ.

ನನ್ನ ಹೆಸರಿನಲ್ಲಿ ಖಾತೆ ತೆರೆಯೋಣವೆಂದವಳು ನಾನೇ. ಅವಳು ಕೇಳಲಿಲ್ಲ, ಹೇಳಿದ ಮೇಲೆಯೂ ಹಿಂಜರಿದಳು.

“ಅವ್ರು ಮುಖ ನೋಡ್ತಾರೆ ಅಕ್ಕೋರೇ. ಕೆಲ್ಸದ ಮಧ್ಯೆ ಯಾವಾಗ್ ಬೇಕಾದ್ರೂ ಕರೀತಾರೆ. ಕೆಲ್ಸ ನಡೀತಿರೋ ಕಂಪ್ಯೂಟರ್ ಮುಂದೆ ನೀವೇ ಬಂದು ಕೂತ್ಕೋಬೇಕು. ಬರದಿದ್ರೆ ಕೆಲ್ಸ ನಿಂತೋಗ್ತದೆ.”

“ಶಾಲೆಯಿಂದ ನಿವೃತ್ತಳಾದವಳು ನಾನು, ಮನೆಯಲ್ಲಿಯೇ ಇರುತ್ತೇನೆ. ಮುಖ ತೋರಿಸುವುದರಿಂದ ನನಗೇನು ಸವೆಯುತ್ತದೆ?” ಎಂದೆ.

ಹಳೆಯ ಕಂಪ್ಯೂಟರನ್ನು ಆ ಜಾಲತಾಣ ಗುರುತು ಹಿಡಿಯುತ್ತದೆಂದು ಅವಳು ಅದನ್ನು ಮಾರಿ ಬೇರೊಂದನ್ನು ತಂದಳು. ಜಾಲತಾಣದ ಕನ್ನಡ ಪರೀಕ್ಷೆಯನ್ನು ನಾನೇ ಬರೆದೆ. ಮೇಲ್ದರ್ಜೆ ದೊರೆಯಿತು, ದೊರೆಯದಿದ್ದರೆ ಪ್ರಶ್ನೆಪತ್ರಿಕೆ ತಯಾರಿಸಿದವರನ್ನು ವಿಚಾರಿಸಬೇಕಾಗುತ್ತಿತ್ತು. ಭಾವಚಿತ್ರವನ್ನು ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದ ಕೂಡಲೇ ತೆಗೆಸಿಕೊಂಡೆ. ಹಣೆಯ ಮೇಲೆ ಮೂರೆಳೆ ವಿಭೂತಿ ಸ್ಪಷ್ಟವಾಗಿ ಬಂದಿದೆ.

ಇದರಲ್ಲಿ ಅಸತ್ಯವಿದೆಯೇ ಎಂದು ಯೋಚಿಸಿದೆ. ಹೆಸರು ನನ್ನದು, ಪರೀಕ್ಷೆ ಬರೆದವಳು ನಾನು, ತಿದ್ದುವವಳು ನಾನು. ಅವಳು ಕರಡು ಸಿದ್ಧಪಡಿಸುತ್ತಾಳೆ, ಅಷ್ಟೆ. ಬಂದದ್ದೆಲ್ಲವನ್ನೂ ಅವಳಿಗೇ ಕೊಟ್ಟುಬಿಡುತ್ತೇನೆ. ನನಗೆ ಪಿಂಚಣಿಯಿದೆ.

೨೨ ನವೆಂಬರ್

ಪುಣೆಯ ಒಂದು ಕಂಪನಿ ನಮ್ಮನ್ನು ಆಯ್ದುಕೊಂಡಿದೆ. ಇಂದು ಮೊದಲ ಬಾರಿ ಕಂಪ್ಯೂಟರು ನನ್ನ ಮುಖವನ್ನು ಕೇಳಿತು. ನಾಗಶ್ರೀ ಹಿತ್ತಿಲಿನಿಂದ ಓಡಿ ಬಂದು ಕೂಗಿದಳು. ಒಗ್ಗರಣೆಯನ್ನು ಅಲ್ಲಿಗೇ ಬಿಟ್ಟು ಹೋದೆ. ಎಡಕ್ಕೆ ತಿರುಗಿ ಎಂದಿತು, ತಿರುಗಿದೆ. ಬಲಕ್ಕೆ ಎಂದಿತು. ಕಣ್ಣು ಮಿಟುಕಿಸಿ ಎಂದಿತು. ಬದುಕಿಡೀ ಮಕ್ಕಳನ್ನು ಅತ್ತ ತಿರುಗು ಇತ್ತ ತಿರುಗು ಎಂದು ಗದರಿದವಳಿಗೆ ನಗು ಬಂತು. ನಾಗಶ್ರೀಯೂ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಗ್ಗರಣೆ ಸೀದು ಹೋಗಿತ್ತು.

೫ ಡಿಸೆಂಬರ್

‘ನೀಲಾಂಬಿಕ ಅವರ ಕನ್ನಡ ನಾವು ಕಂಡವುಗಳಲ್ಲಿ ಅತ್ಯುತ್ತಮ’ ಎಂದು ಪುಣೆಯವರು ಬರೆದಿದ್ದಾರೆ. ಹೆಸರಿನ ಮುಂದೆ ಐದು ನಕ್ಷತ್ರ. ಶಾಲೆಯಲ್ಲಿದ್ದಷ್ಟು ದಿನವೂ ಇಲಾಖೆಯವರು ಒಂದು ಒಳ್ಳೆಯ ಸಾಲನ್ನು ಬರೆದದ್ದಿಲ್ಲ.

ವರದಮ್ಮ ಬಂದಿದ್ದಳು. ನಮ್ಮ ಶಾಲೆಯಲ್ಲಿಯೇ ಹೊಲಿಗೆ ಕಲಿಸುತ್ತಿದ್ದವಳು, ನನ್ನನ್ನು ಏಕವಚನದಲ್ಲಿ ಕರೆಯುವ ಉಳಿದ ಒಬ್ಬಳೇ ಗೆಳತಿ.

“ಏನವಾ ನೀಲಾ, ರಿಟೈರ್ ಆದಮ್ಯಾಲೆ ಕಂಪ್ನಿ ಸೇರೀಯಂತ? ಪ್ಯಾಟ್ಯಾಗೆಲ್ಲ ಅದೇ ಸುದ್ದಿ. ನನಗ ಮೊಬೈಲಿನಾಗ ಲೈಟ್ ಹಚ್ಚಾಕೂ ಬರಂಗಿಲ್ಲ ಮಾರಾಯ್ತಿ!”

“ಕೈಲಾದಷ್ಟು ಮಾಡುತ್ತಿದ್ದೇನೆ” ಎಂದೆ. ನಾಗಶ್ರೀ ಚಹ ತಂದಿಟ್ಟು ಹೋದಳು. ಪ್ರತಿಯೊಬ್ಬರಿಗೂ ಎಲ್ಲವನ್ನೂ ವಿವರಿಸುತ್ತ ಕೂರುವ ಅಗತ್ಯವಿಲ್ಲ.

೧೨ ಡಿಸೆಂಬರ್

ಸಂಜೆಯ ಹೊತ್ತಿನಲ್ಲಿ ಮುಖ ಕೇಳಿದಾಗ ಕಂಪ್ಯೂಟರು ನನ್ನನ್ನು ಒಪ್ಪಲಿಲ್ಲ. ಎರಡನೆಯ ಸಲವೂ ಒಪ್ಪಲಿಲ್ಲ. ಮೂರನೆಯದೂ ತಪ್ಪಿದರೆ ಖಾತೆಗೆ ಬೀಗ. ನನ್ನ ಹಣೆಯನ್ನೇ ನೋಡುತ್ತಿದ್ದ ನಾಗಶ್ರೀ “ಅಕ್ಕೋರೇ, ವಿಭೂತಿ ಅಳಿಸಿ ಹೋಗ್ಯದೆ” ಎಂದಳು. ದೇವರ ಕೋಣೆಗೆ ಓಡಿ ಧರಿಸಿಕೊಂಡು ಬಂದೆ. ಒಪ್ಪಿತು.

ವಿಭೂತಿಯೇ ಕಾರಣವೋ ದೀಪದ ಬೆಳಕೋ ಬಲ್ಲವರು ಯಾರೂ ಇಲ್ಲ. ಆದರೆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು. ವಿಭೂತಿಯ ಬಟ್ಟಲನ್ನು ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಪೂಜೆಯ ಹೊತ್ತಿಗೆ ಒಳಗೆ ಒಯ್ದರಾಯಿತು.

೧೯ ಡಿಸೆಂಬರ್

ಕೆಲವು ನಿಯಮಗಳನ್ನು ಮಾಡಿದ್ದೇನೆ. ಕೆಲಸ ಇನ್ನು ನನ್ನ ನಡುಮನೆಯಲ್ಲಿ ನಡೆಯತಕ್ಕದ್ದು. ಅವಳು ಹಿತ್ತಿಲಿನಿಂದ ಓಡಿ ಬರುವಷ್ಟರಲ್ಲಿ ಸಮಯ ಮೀರುತ್ತದೆ. ಕೆಲಸ ಮಾಡುವಾಗ ಅವಳ ಫೋನು ಶಬ್ದ ಆರಿಸಿ ಅಡುಗೆಮನೆಯ ಕಪಾಟಿನಲ್ಲಿರಬೇಕು. ಅಣ್ಣ ಮಾಡುವ ಫೋನುಗಳಿಂದ ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ. ಹೇಳಿದ್ದನ್ನೆಲ್ಲ ಒಪ್ಪಿದಳು. ಒಳ್ಳೆಯ ಹುಡುಗಿ.

ಬೆಳಗ್ಗೆ ಪೂಜೆಗೆ ಕುಳಿತ ಕೂಡಲೇ ಕರೆ ಬಂದು ಎದ್ದೆ. ಮತ್ತೆ ಕುಳಿತುಕೊಳ್ಳಲಾಗಲಿಲ್ಲ.

೨ ಜನವರಿ ೨೦೨೫, ಉಳವಿ

ತಾಯಿಯನ್ನು ನೋಡಿ ಬರುತ್ತೇನೆಂದು ನಾಗಶ್ರೀ ಬಹಳ ದಿನಗಳಿಂದ ಕೇಳುತ್ತಿದ್ದಳು. ಅವಳೊಬ್ಬಳೇ ಹೋದರೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಶ್ರೇಣಿ ಇಳಿಯುತ್ತದೆ. ಆದ್ದರಿಂದ ಕಂಪ್ಯೂಟರಿನೊಂದಿಗೆ ನಾನೂ ಹೊರಟೆ.

ಸೊರಬದ ಬಸ್ ನಿಲ್ದಾಣದಲ್ಲಿ ಉಳವಿಯ ಬಸ್ಸು ಹತ್ತಿ ಕುಳಿತು, ಹೊರಡುವ ಮೊದಲು ಒಂದು ಪುಟ ಮುಗಿಸಲೆಂದು ಅವಳು ಕಂಪ್ಯೂಟರನ್ನು ತೊಡೆಯ ಮೇಲೆ ತೆರೆದಳು. ತೆರೆದ ಕೂಡಲೇ ಮುಖ ಕೇಳಿತು. ಕೈಚೀಲದಿಂದ ಬಟ್ಟಲನ್ನು ತೆಗೆದು ಧರಿಸಿಕೊಂಡು ಎಡಕ್ಕೆ ಬಲಕ್ಕೆ ತಿರುಗಿದೆ. ಕಂಡಕ್ಟರು ನನ್ನ ತಲೆಯ ಮೇಲೆಯೇ ನಿಂತಿದ್ದ.

“ಅಜ್ಜೀ, ಫೋಟೋ ಆಮೇಲ್ ತಗಳ್ರೀ, ಮೊದ್ಲು ಟಿಕೀಟ್ ತಗಳ್ರೀ. ಗಂಡಿನ ಕಡೆಯೋರಿಗ್ ಕಳಿಸ್ತೀರೇನು?”

ಬಸ್ಸೆಲ್ಲ ನಕ್ಕಿತು. ಇಂತಹವನು ನನ್ನ ತರಗತಿಯಲ್ಲಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲುತ್ತಿದ್ದ. ಆದರೆ ಆಗ ನನಗೆ ಕಣ್ಣು ಮಿಟುಕಿಸುವುದು ಮುಖ್ಯವಾಗಿತ್ತು.

ಯಮುನಮ್ಮ ನಾನು ಊಹಿಸಿದ್ದಕ್ಕಿಂತ ಕ್ಷೀಣವಾಗಿದ್ದಾರೆ. ಕಾಲುಗಳು ಬಾತುಕೊಂಡಿವೆ, ದಿಂಬುಗಳಿಗೆ ಒರಗಿಯೇ ಇರಬೇಕು. ಕಣ್ಣು ಮಾತ್ರ ಚುರುಕು. ಮಗಳು ಜಗಲಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಾಗ ನನ್ನನ್ನು ಹತ್ತಿರ ಕರೆದರು.

“ಬರ್ರೀ ಅಕ್ಕೋರೇ. ನಮ್ ಹುಡ್ಗಿಗೆ ನಿಮ್ ಮುಖ ಕೊಟ್ಟೀರಂತೆ. ದೊಡ್ಡ ಮನ್ಸು ನಿಮ್ದು.” ಸ್ವಲ್ಪ ಉಸಿರು ತೆಗೆದುಕೊಂಡು, “ಅವಳ್ ಮುಖ ನಂಗ್ ಯಾವಾಗ್ ಕೊಡ್ತೀರಿ?” ಎಂದರು.

ನಕ್ಕರು. ನಾನೂ ನಕ್ಕೆ. ಕರುಣಾ ನಗಲಿಲ್ಲ.

ತುರ್ತೇನಾದರೂ ಇದ್ದರೆ ನನಗೇ ಫೋನ್ ಮಾಡಿ ಎಂದು ಮಾಲತೇಶನಿಗೆ ನನ್ನ ನಂಬರನ್ನು ಕೊಟ್ಟಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹಿಂತಿರುಗುತ್ತೇವೆ. ಇಲ್ಲಿ ಸಿಗ್ನಲ್ ಸರಿಯಿಲ್ಲ.

೧೪ ಜನವರಿ

ಸಂಕ್ರಾಂತಿ. ವರದಮ್ಮ ಎಳ್ಳು ಬೆಲ್ಲ ತಂದಳು. ಕಂಪ್ಯೂಟರಿನ ಪಕ್ಕದಲ್ಲಿದ್ದ ಬಟ್ಟಲನ್ನು ನೋಡಿ, “ಅಯ್ಯ, ವಿಭೂತಿ ಇಲ್ಲಿಗೆ ಬಂತೇನವಾ! ಸ್ನೋ ಪೌಡರ್ ಡಬ್ಬಿ ಇಟ್ಟಂಗ ಇಟ್ಟೀಯಲ್ಲ” ಎಂದಳು. ತಮಾಷೆ ಮಾಡುವುದಕ್ಕೆ ಒಂದು ಎಲ್ಲೆ ಇರಬೇಕು.

ನಾಗಶ್ರೀ ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ನನಗೆ ಮಂಡಿನೋವು, ಮೇಲಿಂದ ಮೇಲೆ ಪರರ ಮನೆಗೆ ಹೋಗಿ ತಂಗುವುದೂ ಸರಿಯಲ್ಲ.

೨೦ ಜನವರಿ

ನನ್ನ ಕೆಲಸ ಈಗ ನಿರ್ಣಾಯಕ ಹಂತಕ್ಕೆ ಬಂದಿದೆ. ‘ಹಾಸಿಗೆ ಹಿಡಿದವರ ಆರೈಕೆ’ ಎಂಬ ಒಂದು ಇಡೀ ಪುಸ್ತಿಕೆ. ಗುರುವಾರದೊಳಗೆ ಒಪ್ಪಿಸಿದರೆ ನನ್ನನ್ನು ಅತ್ಯುನ್ನತ ಶ್ರೇಣಿಗೆ ಏರಿಸುವುದಾಗಿ ತಿಳಿಸಿದ್ದಾರೆ. ಕರ್ನಾಟಕದಲ್ಲಿ ಆ ಶ್ರೇಣಿಯವರು ವಿರಳವಂತೆ.

ಬೆಳಗ್ಗೆ ನಾಗಶ್ರೀ ಬಾಗಿಲ ಬಳಿ ಬಂದು ನಿಂತಳು.

“ಅಮ್ಮ ಊಟ ಬಿಟ್ಟಾಳಂತೆ ಅಕ್ಕೋರೇ. ಒಂದಿನ ಹೋಗ್ ಬರ್ತೀನಿ.”

“ಗುರುವಾರ ಮುಗಿಸಿ ಶುಕ್ರವಾರ ಹೋಗು. ಎರಡು ದಿನ ಬೇಕಾದರೂ ಇದ್ದು ಬಾ.”

“ನಾನ್ ಹೋದ್ರೆ ನೀವೇ ಸ್ವಲ್ಪ...”

“ನಾನು ತಿದ್ದಬಲ್ಲೆ, ಅಷ್ಟು ವೇಗವಾಗಿ ಬರೆಯಲಾರೆ. ಈ ಖಾತೆಯೂ ಕೆಟ್ಟರೆ ನಿನ್ನ ತಾಯಿಯ ಔಷಧಕ್ಕೆ ಏನು ಮಾಡುತ್ತೀ? ಯೋಚಿಸಿ ನೋಡು.”

ಯೋಚಿಸಿದಳು. ಕುಳಿತಳು. ವಾದ ನ್ಯಾಯವಾದದ್ದಾಗಿದ್ದರೆ ಮಕ್ಕಳು ಒಪ್ಪಿಯೇ ಒಪ್ಪುತ್ತಾರೆ.

೨೨ ಜನವರಿ

ಒಳ್ಳೆಯ ಪ್ರಗತಿ. ‘ರೋಗಿ ಯಾರನ್ನಾದರೂ ನೋಡಲು ಬಯಸಿದರೆ ತಡಮಾಡದೆ ಕರೆಸಿ’ ಎಂಬ ವಾಕ್ಯದ ಬಳಿ ನಾಗಶ್ರೀಯ ಕೈ ಬಹಳ ಹೊತ್ತು ನಿಂತಿತ್ತು. ಏನಾದರೂ ಸಂದೇಹವೇ ಎಂದು ಕೇಳಿದೆ. ಇಲ್ಲ ಎಂದಳು. ವಾಕ್ಯ ಸರಿಯಾಗಿಯೇ ಇತ್ತು. ಮುಂದೆ ಹೋಗು ಎಂದೆ.

೨೩ ಜನವರಿ, ಗುರುವಾರ

ಮಧ್ಯಾಹ್ನ ಊಟದ ನಂತರ ಮಾಲತೇಶ್ ನನಗೆ ಫೋನ್ ಮಾಡಿದ. ಅಡುಗೆಮನೆಗೆ ಹೋಗಿ ಮಾತನಾಡಿದೆ.

“ಅಕ್ಕೋರೇ, ನಾಗೂ ಫೋನ್ ಎತ್ತತಾ ಇಲ್ಲ. ಅಮ್ಮಂಗೆ ಉಸ್ರು ಮೇಲ್ ಮೇಲೆ ಬರ್ತಾ ಅದೆ. ಡಾಕ್ಟ್ರು ಇನ್ನು ಎಲ್ಲೂ ಕರ್ಕೊಂಡ್ ಹೋಗ್ಬ್ಯಾಡಿ ಅಂದ್ರು. ನಾಗೂ, ನಾಗೂ ಅಂತಾನೇ ಅದಾಳೆ. ಈಗ್ಲೇ ಹೊರಡ್ಸಿ, ಕೈ ಮುಗೀತೀನಿ.”

“ಕಳುಹಿಸುತ್ತೇನೆ” ಎಂದೆ.

ನಡುಮನೆಗೆ ಬಂದಾಗ ಅವಳು ಕೊನೆಯ ಅಧ್ಯಾಯದಲ್ಲಿದ್ದಳು. ತಲೆ ಎತ್ತದೆ, ಯಾರ ಫೋನು ಎಂದು ಕೇಳಿದಳು. ವರದಮ್ಮನದು ಎಂದೆ.

ಸಂಜೆಯ ಬಿಸಿಲು ಮೆಟ್ಟಿಲಿಗೆ ಬರುವ ಹೊತ್ತಿಗೆ ಪುಸ್ತಿಕೆಯನ್ನು ಒಪ್ಪಿಸಿದೆವು. ಒಪ್ಪಿಸುವ ಮುನ್ನ ಒಮ್ಮೆ ಮುಖ ಕೇಳಿತು, ತೋರಿಸಿದೆ. ಆಮೇಲೆ ಅವಳಿಗೆ ಹೇಳಿದೆ. ಚಪ್ಪಲಿಯನ್ನೂ ಮೆಟ್ಟದೆ ಬಸ್ ನಿಲ್ದಾಣದ ಕಡೆಗೆ ಓಡಿದಳು. ಫೋನು ಕಪಾಟಿನಲ್ಲಿಯೇ ಉಳಿದಿದೆ.

ಕೆಲಸದ ಮಧ್ಯದಲ್ಲಿ ಹೇಳಿದ್ದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತಾಗುತ್ತಿತ್ತು.

೨೪ ಜನವರಿ

ಅವಳು ಸೊರಬದಲ್ಲಿ ಉಳವಿಯ ಬಸ್ಸಿಗೆ ಕಾಯುತ್ತಿದ್ದಾಗಲೇ ಯಮುನಮ್ಮ ತೀರಿಕೊಂಡರಂತೆ. ಮಾಲತೇಶ್ ಬೆಳಗ್ಗೆ ತಿಳಿಸಿದ. ಇಷ್ಟು ಹೇಳಿ ಇಟ್ಟುಬಿಟ್ಟ.

ಪುಸ್ತಿಕೆಗೆ ಐದು ನಕ್ಷತ್ರ ಬಂದಿದೆ. ಶ್ರೇಣಿಯೂ ಬಂತು.

೩೦ ಜನವರಿ

ಮಾತನಾಡಿಸಿಕೊಂಡು ಬರಲು ಉಳವಿಗೆ ಹೋಗಬೇಕೆಂದು ಎರಡು ಸಲ ಸೀರೆ ಬದಲಿಸಿದೆ. ಎರಡು ಸಲವೂ ಹೊರಡುವ ಹೊತ್ತಿಗೆ ಪುಣೆಯಿಂದ ಸಂದೇಶ ಬಂತು. ಹೊಸ ಕೆಲಸ ಕಾದಿದೆ. ನಾನೇ ಕುಳಿತು ಒಂದು ಪುಟಕ್ಕೆ ಕೈ ಹಾಕಿದೆ. ಇಂಗ್ಲಿಷಿನಲ್ಲಿ ಅರ್ಥವಾಗದ ಪದವೇನೂ ಇರಲಿಲ್ಲ, ಆದರೂ ಮುಗಿಸಲಾಗಲಿಲ್ಲ. ತಿದ್ದುವುದಕ್ಕೆ ಎದುರಿಗೆ ಏನಾದರೂ ಇರಬೇಕಷ್ಟೆ.

೬ ಫೆಬ್ರವರಿ

ತಡವಾಯಿತೆಂದು ಒಂದು ನಕ್ಷತ್ರ ಕಡಿಮೆ ಮಾಡಿದ್ದಾರೆ. ನನ್ನ ಹೆಸರಿನ ಮುಂದೆ ನಾಲ್ಕು!

ವರದಮ್ಮನಲ್ಲಿಗೆ ಹೋಗಿ, ಇಂಗ್ಲಿಷ್ ಬಲ್ಲ ಒಬ್ಬ ಹುಡುಗಿ ಬೇಕೆಂದು ಹೇಳಿದೆ.

“ನಮ್ಮ ಜವಾನ ಕೊಟ್ರೇಶನ ಮಗಳು ಅದಾಳ ನೋಡು. ಡಿಗ್ರಿ ಮುಗಿಸಿ ಸುಮ್ನ ಕುಂತಾಳ. ಅಲ್ಲ ನೀಲಾ, ಹಿತ್ತಲ ಮನಿ ಹುಡುಗಿ ಏನಾದ್ಲು?”

“ಅವಳಿಗೆ ಮನೆಯಲ್ಲಿ ಸಾವಾಗಿದೆ.”

ವರದಮ್ಮ ನನ್ನ ಮುಖವನ್ನು ನೋಡಿ, “ನೀ ಹೋಗಿ ಬಂದಿಯೇನು?” ಎಂದಳು. ಮಂಡಿನೋವಿನ ವಿಷಯ ಅವಳಿಗೆ ತಿಳಿದೇ ಇದೆ.

೧೧ ಫೆಬ್ರವರಿ

ನಾಗಶ್ರೀ ಬಂದಿದ್ದಳು, ಕೋಣೆ ಖಾಲಿ ಮಾಡಲು. ಮಾಲತೇಶ್ ಒಳಗೆ ಬರಲಿಲ್ಲ. ಬಾಡಿಗೆಯ ಗಾಡಿಯ ಬಳಿಯೇ ಬೆನ್ನು ತಿರುಗಿಸಿ ನಿಂತಿದ್ದ. ಸಾಮಾನು ಹೆಚ್ಚಿರಲಿಲ್ಲ. ಕೊನೆಗೆ ಕಂಪ್ಯೂಟರಿಗಾಗಿ ನಡುಮನೆಗೆ ಬಂದಳು. ಅದು ಅವಳದು, ಅದನ್ನು ನಾನು ಮರೆತಿದ್ದೆ.

“ಅವತ್ತು ವರದಮ್ಮೋರ್ ಫೋನ್ ಅಲ್ಲ, ಅಲ್ವಾ ಅಕ್ಕೋರೇ?”

ನೇರವಾದ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು. “ನಾಲ್ಕು ಪುಟ ಉಳಿದಿದ್ದವು” ಎಂದೆ.

“ಹೌದು.” ತಂತಿಯನ್ನು ಸುತ್ತುತ್ತಿದ್ದಳು. “ಚೆನ್ನಾಗ್ ಬಂತಾ?”

“ಐದು ನಕ್ಷತ್ರ ಬಂತು.”

ಅವಳು ಅಳಲಿಲ್ಲ. ಅತ್ತಿದ್ದರೆ ಒಂದು ಲೋಟ ನೀರು ಕೊಟ್ಟು ಸಮಾಧಾನದ ಮಾತನ್ನು ಹೇಳಬಹುದಾಗಿತ್ತು. ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡೂ ಇದ್ದೆ.

“ಅಣ್ಣ ಹೇಳ್ದ. ಕೊನೆಗೆ ಅಮ್ಮ ಕರುಣಕ್ಕನ್ ಕೈನೇ ನನ್ ಕೈ ಅಂತ ಹಿಡ್ಕೊಂಡಿದ್ಳಂತೆ. ಕರುಣಕ್ಕನೂ ನಾನೇ ನಾಗೂ ಅಂತ ಹೇಳ್ಕೊಂಡ್ಳಂತೆ.”

ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡಳು. ಮೇಜಿನ ಮೇಲೆ ವಿಭೂತಿಯ ಬಟ್ಟಲು ಮಾತ್ರ ಉಳಿಯಿತು. ಅದನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ದೇವರ ಕೋಣೆಯ ತನಕ ನಡೆದು, ಒಳಗೆ ಕಾಲಿಡದೆ, ಹೊಸ್ತಿಲ ಮೇಲೆ ಇಟ್ಟಳು. ಹೊಸ್ತಿಲ ಮೇಲೆ ಏನನ್ನೂ ಇಡಬಾರದೆಂದು ಅವಳಿಗೆ ತಿಳಿಯದೇ? ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲಿಳಿದಿದ್ದಳು. ಹೋಗಿ ಬರುತ್ತೇನೆ ಎಂದು ಹೇಳಲಿಲ್ಲ.

೧೭ ಫೆಬ್ರವರಿ, ಸೋಮವಾರ

ಶಿವಮೊಗ್ಗದಿಂದ ಹೊಸ ಕಂಪ್ಯೂಟರು ಬಂದಿದೆ. ಅಂಗಡಿಯವರು ಜೋಡಿಸಿಕೊಟ್ಟು ಹೋದರು. ನನ್ನ ಹೆಸರನ್ನು ಬರೆದ ಕೂಡಲೇ ಅದು ಮೊದಲು ಕೇಳಿದ್ದು ಮುಖವನ್ನೇ.

ಬಟ್ಟಲು ಇನ್ನೂ ಹೊಸ್ತಿಲ ಮೇಲೆಯೇ ಇತ್ತು. ಪೂಜೆ ಆಗಿರಲಿಲ್ಲ, ಸ್ನಾನವೂ ಆಗಿರಲಿಲ್ಲ. ತಂದು ಧರಿಸಿಕೊಂಡೆ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಕಣ್ಣು ಮಿಟುಕಿಸಿದೆ. ‘ಇದು ನೀವೇ ಎಂದು ಖಚಿತವಾಗಿದೆ’ ಎಂದಿತು. ಆಮೇಲೆ, ಕೆಲಸಕ್ಕೆ ಸಿದ್ಧರಿದ್ದೀರಾ ಎಂದು ಕೇಳಿತು. ಹೌದು ಎಂಬುದನ್ನು ಒತ್ತಿದೆ.

ಕೊಟ್ರೇಶನ ಮಗಳನ್ನು ನಾಳೆಯೇ ಕಳುಹಿಸುವಂತೆ ವರದಮ್ಮನಿಗೆ ಹೇಳಬೇಕು. ಹಿತ್ತಿಲ ಕೋಣೆಯೂ ಖಾಲಿಯಿದೆ. ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ ಎಂಬುದನ್ನು ಈ ಸಲ ಮೊದಲೇ ಕೇಳಿ ತಿಳಿದುಕೊಳ್ಳಬೇಕು.